ಬದರುನ್ನಿಸಾ ಗಿರಾಕಿಗೆ ಕಳಿಸಿದ ರಸೀದಿ

"ಮಾರುವವರ ಹಣಕ್ಕೆ ಪೂರ್ತಿ ರಕ್ಷಣೆ" ಎಂದು ಆ ಕಂಪನಿ ತನ್ನ ಜಾಲತಾಣದ ನೆತ್ತಿಯ ಮೇಲೆಯೇ ಬರೆದುಕೊಂಡಿದೆ. ಪಕ್ಕದಲ್ಲಿ ಒಂದು ಬೀಗದ ಚಿತ್ರ. ಆ ಬೀಗದ ಕೀಲಿ ಯಾರ ಸೊಂಟದಲ್ಲಿದೆ ಎಂಬುದನ್ನು ಮಾತ್ರ ಬರೆದಿಲ್ಲ. ಬೆಳವಣಕಿಯ ಬದರುನ್ನಿಸಾಗೆ ಅದು ಗೊತ್ತಾಗುವಷ್ಟರಲ್ಲಿ ಒಂದು ಕೌದಿ ಹೋಗಿತ್ತು, ಅದರ ಹಿಂದೆ ಹೆಸರೂ ಹೋಗಿತ್ತು. ಕೌದಿ ಹೋದದ್ದನ್ನು ಆಕೆ ನುಂಗಿಕೊಂಡಳು. ಹೆಸರು ಹೋದದ್ದಕ್ಕೆ ಎರಡು ದಿನ ಒಲೆ ಹಚ್ಚಲಿಲ್ಲ.

ಬದರುನ್ನಿಸಾಗೆ ಈಗ ಐವತ್ತೆರಡು. ಗಂಡ ಮೈನುದ್ದೀನ ದರ್ಜಿ. ಅವನು ಹೊಲಿದು ಬಿಟ್ಟ ತುಂಡು ಅರಿವೆಗಳನ್ನು ಕೂಡಿಸಿ ಆಕೆ ಕೌದಿ ಹೊಲಿಯುತ್ತಾಳೆ. ಮಷಿನ್ನು ಮುಟ್ಟುವುದಿಲ್ಲ, ಎಲ್ಲ ಕೈಹೊಲಿಗೆ. ಜಂಪರಿನ ತೋಳು, ಅಂಗಿಯ ಕಾಲರು, ಸಾಲಿ ಮಕ್ಕಳ ನೀಲಿ ಚಡ್ಡಿ ಎಲ್ಲವೂ ಅಲ್ಲಿ ಬಂದು ಕೂತು ಒಂದಾಗುತ್ತವೆ. ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಒಳಗೆ ಒಣಗಿ ಕಟಕಾದ ಸಜ್ಜೆ ರೊಟ್ಟಿಯ ಒಂದು ಚೂರು ಇಡುತ್ತಾಳೆ. ಹಸಿದ ಕೌದಿಯನ್ನು ಯಾರ ಮೈಮೇಲೂ ಹೊದಿಸಬಾರದು ಎಂಬುದು ಆಕೆಯ ಕೈಗೆ ತಾಯಿಯಿಂದ ಬಂದ ಪದ್ಧತಿ.

ತಂದೆಯಿಂದ ಬಂದದ್ದು ಇನ್ನೊಂದು ಪದ್ಧತಿ. ಆಕೆಯನ್ನು ಮುಳುಗಿಸಿದ್ದು ಅದೇ.

ತಂದೆ ಗೌಸುಸಾಬ ರೋಣದ ಪೇಟೆಯಲ್ಲಿ ಹಮಾಲನಾಗಿದ್ದ. ಒಮ್ಮೆ ಶಿರೋಳದ ನಿಂಗಪ್ಪ ಎಂಬ ರೈತ ಒಂದು ಅಂಗಡಿಯಲ್ಲಿ ರೊಕ್ಕ ಎಣಿಸಿಕೊಟ್ಟು ಮೂರು ಚೀಲ ಹಿಂಡಿ ಒಯ್ದ. ರಸೀದಿ ಕೇಳಲಿಲ್ಲ. ಎಂಟು ದಿನಕ್ಕೆ ಅಂಗಡಿಯವನು ಅವನನ್ನು ನಡುಪೇಟೆಯಲ್ಲಿ ಹಿಡಿದು "ರೊಕ್ಕ ಯಾವಾಗ ಕೊಡ್ತಿ?" ಅಂದ. ಚೀಲ ಹೊತ್ತವನೂ, ರೊಕ್ಕ ಎಣಿಸಿದ್ದನ್ನು ಕಣ್ಣಾರೆ ಕಂಡವನೂ ಗೌಸುಸಾಬನೇ. ಮುಂದೆ ಬಂದು ಹೇಳಿದ. ಅಂಗಡಿಯವನು ನಕ್ಕ: "ಹಮಾಲನ ಬೆನ್ನಿಗೆ ತೂಕ ಇರ್ತೈತಿ, ಮಾತಿಗೆ ಎಲ್ಲಿ ತೂಕ?" ನಿಂಗಪ್ಪ ಎರಡನೆಯ ಸಲ ರೊಕ್ಕ ಕೊಟ್ಟ. ಅವತ್ತು ಮನೆಗೆ ಬಂದ ಗೌಸುಸಾಬ ಉಣ್ಣಲಿಲ್ಲ. ಹತ್ತು ವರ್ಷದ ಮಗಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದ: "ರೊಕ್ಕ ಕೊಟ್ಟಾವನ ಕೈಗೆ ಪಾವತಿ ಮುಟ್ಟಬೇಕವ್ವ. ಕೇಳ್ಲಿ, ಬಿಡ್ಲಿ, ಮುಟ್ಟಬೇಕು." ನಮ್ಮ ಕಡೆ ಪಾವತಿ ಅಂದರೆ ರಸೀದಿ. ಆ ಮಾತು ಆಕೆಯ ತಲೆಯಲ್ಲಿ ಹೊಲಿಗೆ ಹಾಕಿದಂತೆ ಕೂತುಬಿಟ್ಟಿತು.

ಕೌದಿ ಊರು ಬಿಟ್ಟು ಹೊರಟದ್ದು ಎರಡು ಸಾವಿರದ ಏಳರಲ್ಲಿ. ಮಗಳು ಅಫ್ರೀನ ಪಿಯುಸಿ ಮುಗಿಸಿ ರೋಣದಲ್ಲಿ ಕಂಪ್ಯೂಟರ್ ಕಲಿಯಲು ಹೋಗುತ್ತಿದ್ದಳು. ಅಲ್ಲಿ ಕಳಕೇಶ ಎಂಬ ಹುಡುಗನ ಇಂಟರ್ನೆಟ್ ಅಂಗಡಿ. ಮೂರು ಕಂಪ್ಯೂಟರು, ತಾಸಿಗೆ ಇಪ್ಪತ್ತು ರೂಪಾಯಿ. ಅಫ್ರೀನ ಅಲ್ಲಿ ಕೂತು ತಾಯಿಯ ಕೌದಿಗಳ ಫೋಟೋ ಹಾಕಿ ಆ ಜಾಲತಾಣದಲ್ಲಿ ಅಂಗಡಿ ತೆರೆದಳು. ನಿಯಮಗಳು ಇಂಗ್ಲಿಷಿನಲ್ಲಿ ನಲವತ್ತೊಂದು ಪ್ಯಾರಾ. ಅವನ್ನು ಓದಲು ಎರಡು ತಾಸು ಬೇಕು, ಎರಡು ತಾಸಿಗೆ ನಲವತ್ತು ರೂಪಾಯಿ ಬೇಕು. ಕೆಳಗೆ "ಓದಿ ಒಪ್ಪಿದ್ದೇನೆ" ಎಂಬ ಚೌಕವಿತ್ತು. ಒತ್ತಿದಳು. ನೀವೂ ಒತ್ತಿದ್ದೀರಿ, ನಾನೂ ಒತ್ತಿದ್ದೇನೆ. ಓದಿದವರು ಕೈ ಎತ್ತಲಿ ನೋಡೋಣ.

ವ್ಯವಹಾರ ನೋಡಲು ಸರಳ. ಗಿರಾಕಿ ಮೊದಲು ಕಂಪನಿಗೆ ಹಣ ಕಟ್ಟುತ್ತಾನೆ, ಮಾಲಿನ ಬೆಲೆ ಮತ್ತು ಅಂಚೆ ಖರ್ಚು ಎರಡೂ. ಕಂಪನಿ ಅದನ್ನು ತನ್ನ ಹತ್ತಿರ ಇಟ್ಟುಕೊಂಡು ಮಾರುವವರಿಗೆ "ಕಳಿಸಿ" ಅನ್ನುತ್ತದೆ. ಮಾಲು ಮುಟ್ಟಿತು ಎಂದು ಗಿರಾಕಿ ಒಂದು ಗುಂಡಿ ಒತ್ತಿದರೆ ಹಣ ಮಾರಿದವರ ಬ್ಯಾಂಕಿಗೆ ಬರುತ್ತದೆ. ಹನ್ನೊಂದು ಕೌದಿಗಳು ಹೀಗೆ ಹೋದವು, ಹನ್ನೊಂದರ ಹಣವೂ ಬಂತು. ಮೈಸೂರಿನ ಒಬ್ಬ ಟೀಚರಮ್ಮ ಒಂದಾದ ಮೇಲೆ ಇನ್ನೊಂದು ತರಿಸಿಕೊಂಡರು. ಪ್ರತಿ ಸಲವೂ ಬದರುನ್ನಿಸಾ ಕೌದಿಯನ್ನು ಬಿಳಿ ಅರಿವೆಯಲ್ಲಿ ಹೊಲಿದು, ಬಸ್ಸು ಹತ್ತಿ ರೋಣಕ್ಕೆ ಹೋಗಿ, ರಿಜಿಸ್ಟರ್ ಪಾರ್ಸೆಲ್ ಮಾಡಿ ಬರುತ್ತಿದ್ದಳು. ಮುಟ್ಟಿದ್ದಕ್ಕೆ ಸಹಿಯಾಗಿ ವಾಪಸು ಬರುವ ಕಾರ್ಡು ಬೇಕೇ ಎಂದು ಅಂಚೆ ಗುಮಾಸ್ತ ಮಹಾಲಿಂಗಪ್ಪ ಕೇಳಿದರೆ, "ಬ್ಯಾಡ್ರಿ, ಗಿರಾಕಿಗೆ ಸುಮ್ನ ಮೂರ ರೂಪಾಯಿ ಯಾಕ ಹೊರಸೋದು" ಅನ್ನುತ್ತಿದ್ದಳು. ಅವನು ಕೊಟ್ಟ ರಸೀದಿಯನ್ನು ಮಡಚಿ ಲಕೋಟೆಗೆ ಹಾಕಿ, ಮಗಳ ಕೈಯಲ್ಲಿ ವಿಳಾಸ ಬರೆಸಿ, ತನ್ನ ಖರ್ಚಿನಲ್ಲಿ ಐದು ರೂಪಾಯಿ ಸ್ಟಾಂಪು ಹಚ್ಚಿ ಗಿರಾಕಿಗೇ ಕಳಿಸುತ್ತಿದ್ದಳು. ಅಂಚೆ ಖರ್ಚು ಗಿರಾಕಿಯದು, ಅಂದಮೇಲೆ ರಸೀದಿಯೂ ಗಿರಾಕಿಯದು. ಗೌಸುಸಾಬನ ಮಗಳಿಗೆ ಇದರಲ್ಲಿ ಯೋಚಿಸುವುದೇನೂ ಇರಲಿಲ್ಲ.

ಹನ್ನೆರಡನೆಯದು ದೊಡ್ಡದು. ಉತ್ತರದ ಒಂದು ಮಹಾನಗರದ ಗಿರಾಕಿ, ಜೋಡಿ ಹಾಸಿಗೆಯ ಅಳತೆ, ಎರಡು ಸಾವಿರದ ನಾನೂರು ರೂಪಾಯಿ. ಎರಡು ತಿಂಗಳು ಹೊಲಿದಳು. ಮೂಲೆಯಲ್ಲಿ ರೊಟ್ಟಿ ಇಡುವಾಗ ಮೈನುದ್ದೀನ ಛೇಡಿಸಿದ: "ದೊಡ್ಡ ಊರಾಗಿನ ಇರಿವಿಗೂ ನಿನ್ನ ರೊಟ್ಟಿನ ಬೇಕೇನು?" ಆಕೆ, "ಅವೂ ಎಷ್ಟ ದಿನಾ ಬ್ರೆಡ್ ತಿಂದಾವು" ಅಂದಳು. ಎರಡು ಸಾವಿರದ ಎಂಟರ ಜನವರಿಯಲ್ಲಿ ಕೌದಿ ಹೋಯಿತು. ಮರುದಿನ ರಸೀದಿಯೂ ಅದರ ಹಿಂದೆ ಹೋಯಿತು.

ಹದಿನೆಂಟನೆಯ ದಿನಕ್ಕೆ ಅಫ್ರೀನಳಿಗೆ ಇ-ಮೇಲ್ ಬಂತು. ಮಾಲು ಮುಟ್ಟಿಲ್ಲ ಎಂದು ಗಿರಾಕಿ ದೂರು ಕೊಟ್ಟಿದ್ದಾನೆ, ಐದು ದಿನದೊಳಗೆ ಅಂಚೆ ರಸೀದಿಯ ಪ್ರತಿ ಕಳಿಸಿ, ಕಳಿಸಿದರೆ ನಿಮ್ಮ ಹಣಕ್ಕೆ ರಕ್ಷಣೆ ಇದೆ, ಇಲ್ಲದಿದ್ದರೆ ಹಣ ಗಿರಾಕಿಗೆ ವಾಪಸು. ಹುಡುಗಿ ಒಂದೇ ಉಸಿರಿಗೆ ಮನೆಗೆ ಬಂದಳು.

"ಅಮ್ಮಾ, ಆ ದೊಡ್ಡ ಕೌದಿ ಪೋಸ್ಟಿನ ಪಾವತಿ ಎಲ್ಲೈತಿ?"

"ಯಾರದೈತಿ ಅವರ ಕಡೆ ಐತಿ."

"ಯಾರ ಕಡೆ?"

"ರೊಕ್ಕ ಕೊಟ್ಟಾವ್ರ ಕಡೆ. ಲಕೋಟಿ ಮ್ಯಾಲ ನೀನ ಬರದಿಯಲ್ಲ."

ಅಫ್ರೀನ ಅಲ್ಲೇ ಕಟ್ಟೆಯ ಮೇಲೆ ಕೂತಳು. ಬರೆದದ್ದು ಹೌದು. ಹನ್ನೆರಡು ಸಲ ಬರೆದಿದ್ದಳು. ಒಮ್ಮೆಯೂ ಅದು ತಪ್ಪು ಅನಿಸಿರಲಿಲ್ಲ.

ಒಳಗೆ ಮೈನುದ್ದೀನನ ಮಷಿನ್ನು ನಿಂತಿತು. "ಚಲೋ ಆತು. ಕಳ್ಳಗ ಕೀಲಿ ಕೊಟ್ಟು, ಮ್ಯಾಲ ಐದ ರೂಪಾಯಿ ಸ್ಟಾಂಪ ಹಚ್ಚಿದಂಗಾತು."

"ಅವಗ್ಯಾಕ ಕಳ್ಳ ಅಂತಿ? ಖರೇನ ಮುಟ್ಟಿರಲಿಕ್ಕಿಲ್ಲ" ಅಂದಳು ಬದರುನ್ನಿಸಾ. ಆಗಲೂ ಆಕೆ ಗಿರಾಕಿಯ ಪರವೇ.

ತಾಯಿ ಮಗಳು ಮರುದಿನ ಬೆಳಿಗ್ಗೆಯ ಬಸ್ಸಿಗೆ ರೋಣಕ್ಕೆ ಹೋದರು. ಮಹಾಲಿಂಗಪ್ಪ ಎಲ್ಲ ಕೇಳಿ ಹಣೆ ಮುಟ್ಟಿಕೊಂಡ.

"ಅಕ್ಕಾರ, ಪಾವತಿ ಕೊಡೋದು ಮನ್ಯಾಗ ಇಟ್ಕೊಳ್ರೀ ಅಂತ. ಮತ್ತ ಅದನ್ನೂ ನಮ್ಮ ಡಬ್ಬಿಗೇ ಹಾಕ್ತೀರಿ ಅಂತ ನಾ ಕನಸ ಕಂಡಿನೇನ್ರಿ?"

"ನೀವೂ ಒಂದ ದಿನಾ ಹೇಳಲಿಲ್ಲಲ್ರಿ, ಮಹಾಲಿಂಗಪ್ಪಾರ."

"ಹೇಳೂ ಪ್ರಸಂಗನ ಬಂದಿಲ್ರಿ. ಹಿಂಗ ಮಾಡಿದಾವ್ರು ಈವತ್ತಿಗೂ ಯಾರೂ ಸಿಕ್ಕಿಲ್ಲ ನನಗ."

ಆದರೂ ಅವನು ಎದ್ದು ಹೋಗಿ ರಿಜಿಸ್ಟರು ತಂದ. ಆ ದಿನದ ಪುಟ ಹುಡುಕಿದ. ಪಾರ್ಸೆಲಿನ ನಂಬರು, ತೂಕ, ವಿಳಾಸ ಎಲ್ಲವೂ ಅಲ್ಲಿತ್ತು. ಅದನ್ನು ಒಂದು ಹಾಳೆಯಲ್ಲಿ ಇಳಿಸಿ, ಸಹಿ ಮಾಡಿ, ಸೀಲು ಒತ್ತಿ ಕೊಟ್ಟ. ಪಾರ್ಸೆಲ್ಲು ಎಲ್ಲಿ, ಯಾರ ಕೈಗೆ ಮುಟ್ಟಿತು ಎಂದು ವಿಚಾರಿಸುವ ಅರ್ಜಿಯನ್ನೂ ತುಂಬಿಸಿಕೊಂಡ. "ಆ ಊರಿಂದ ಉತ್ತರ ಬರಾಕ ತಿಂಗಳ ಆತಂದ್ರ, ಲಗೂ ಬಂತು ಅನ್ರಿ" ಎಂದು ಮೊದಲೇ ಹೇಳಿದ.

ಕಳಕೇಶ ಆ ಹಾಳೆಯನ್ನು ಸ್ಕ್ಯಾನ್ ಮಾಡಿ ಕಳಿಸಿದ. ಕಂಪನಿ ಸಂಜೆಯೊಳಗೆ ಉತ್ತರ ಕೊಟ್ಟಿತು: ಕೈಬರಹದ ಪತ್ರ ಪುರಾವೆಯಲ್ಲ, ಅಂಚೆ ಕೌಂಟರಿನ ಮೂಲ ರಸೀದಿ ಬೇಕು, ನಿಯಮ ಇಪ್ಪತ್ತೇಳು ನೋಡಿ. ಸರ್ಕಾರದ ಸೀಲಿಗಿಂತ ದೊಡ್ಡ ಸೀಲು ಯಾವುದೋ ಇದೆ ಎಂದು ಅವತ್ತು ಬೆಳವಣಕಿಗೆ ತಿಳಿಯಿತು.

ನ್ಯಾಯಕ್ಕೆ ಒಂದು ಮಾತು ಹೇಳಬೇಕು. ಕಳಿಸಿದ್ದಕ್ಕೆ ರಸೀದಿ ಕೇಳುವುದು ತಪ್ಪಲ್ಲ. ಮಾಲು ಕಳಿಸದೆ ಹಣ ನುಂಗುವವರೂ ಈ ಲೋಕದಲ್ಲಿದ್ದಾರೆ, ಅವರಿಂದ ಗಿರಾಕಿಯನ್ನು ಕಾಯಬೇಕು. ಹಾಗಾದರೆ ಆ ಇಪ್ಪತ್ತೇಳನೆಯ ನಿಯಮವನ್ನು ನಲವತ್ತೊಂದರ ನಡುವೆ ಹುಗಿದದ್ದು ಯಾಕೆ? "ರಸೀದಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ" ಎಂಬ ನಾಲ್ಕು ಶಬ್ದವನ್ನು ಕನ್ನಡದಲ್ಲಿ ಬರೆಯಲು ಇವರ ಅಪ್ಪನ ಗಂಟೇನು ಹೋಗುತ್ತಿತ್ತು? ಪ್ರತಿ ಕೌದಿಯಲ್ಲಿ ನೂರಕ್ಕೆ ಎಂಟು ರೂಪಾಯಿ ಮುರಿದುಕೊಳ್ಳುವಾಗ ಬೆಳವಣಕಿ ಎಲ್ಲಿದೆ ಎಂದು ಇವರಿಗೆ ಚೆನ್ನಾಗಿ ಗೊತ್ತಿರುತ್ತದೆ. ನಿಯಮ ತಿಳಿಸುವಾಗ ಮಾತ್ರ ಬೆಳವಣಕಿ ನಕ್ಷೆಯಲ್ಲಿಯೇ ಇರುವುದಿಲ್ಲ.

ಮೂರನೆಯ ದಿನ ಕಳಕೇಶ ಕಂಪನಿಗೆ ಫೋನು ಹಚ್ಚಿದ. ಇಪ್ಪತ್ತು ನಿಮಿಷ ಸಂಗೀತ ಕೇಳಿದ ಮೇಲೆ ಒಬ್ಬ ಹುಡುಗಿ ಹಿಂದಿಯಲ್ಲಿ ಮಾತಾಡಿದಳು. ಬದರುನ್ನಿಸಾ ಫೋನು ತಾನೇ ಇಸಿದುಕೊಂಡಳು. ಮನೆಯ ಉರ್ದು ಆಕೆಗೆ ಸಾಕಾಯಿತು. ಆ ಮಾತುಕತೆ ನಮ್ಮ ಮಾತಿನಲ್ಲಿ ಹೀಗಿತ್ತು:

"ಮುಟ್ಟಿಲ್ಲ ಅಂದ್ರಲ್ಲ, ಅವರಿಗೆ ಯಾವ ಕಾಗದ ಕೇಳಿದಿ ತಾಯಿ?"

"ಗಿರಾಕಿಗಳಿಂದ ನಾವು ದಾಖಲೆ ಕೇಳುವುದಿಲ್ಲ ಮೇಡಂ."

"ಯಾಕ?"

"ಬಾರದೆ ಇದ್ದದ್ದಕ್ಕೆ ದಾಖಲೆ ಇರುವುದಿಲ್ಲವಲ್ಲ ಮೇಡಂ."

"ಹಂಗಂದ್ರ ಸುಳ್ಳು ಹೇಳಾವ್ರಿಗೆ ಕಾಗದದ ಖರ್ಚೂ ಇಲ್ಲ."

ಆ ಕಡೆ ಕೀಲಿಮಣೆ ಟಕಟಕ ಅಂದಿತು. ಆಮೇಲೆ, "ನಿಮಗೆ ಬೇರೆ ಏನಾದರೂ ಸಹಾಯ ಬೇಕೇ ಮೇಡಂ?"

"ಮೊದಲ ಒಂದ ಸಹಾಯ ಆಗಿದ್ರ ಬ್ಯಾರೇದು ಕೇಳಬಹುದಿತ್ತವ್ವ" ಎಂದು ಬದರುನ್ನಿಸಾ ಫೋನನ್ನು ಕಳಕೇಶನ ಕೈಗೆ ಕೊಟ್ಟಳು. ಆ ಹುಡುಗಿಯ ಮೇಲೆ ಆಕೆಗೆ ಸಿಟ್ಟಿಲ್ಲ. ನನಗೂ ಇಲ್ಲ. ಅವಳಿಗೆ ಹೇಳಲು ಕೊಟ್ಟ ಮಾತನ್ನು ಬರೆದವನು ಎಲ್ಲೋ ತಂಪು ಕೋಣೆಯಲ್ಲಿ ಕೂತಿದ್ದಾನೆ, ನನ್ನ ಸಿಟ್ಟು ಅವನ ವಿಳಾಸಕ್ಕೆ.

ಐದು ದಿನ ಮುಗಿಯಿತು. ಹಣ ಗಿರಾಕಿಗೆ ಹೋಯಿತು. ಅಫ್ರೀನಳ ಅಂಗಡಿಯ ಹೆಸರಿನ ಕೆಳಗೆ ಕೆಂಪು ಅಕ್ಷರದಲ್ಲಿ ಒಂದು ಸಾಲು ಬಂದು ಕೂತಿತು. "ಅದೇನ ಬರದಾರ, ಕನ್ನಡದಾಗ ಹೇಳು" ಎಂದು ತಾಯಿ ಕೇಳಿದಳು. ಅಫ್ರೀನ ಆ ಪುಟವನ್ನೇ ಮುಚ್ಚಿದಳು. ಕಳಕೇಶನೂ ಮುಖ ತಿರುಗಿಸಿದ. ಮೂರು ಸಲ ಕೇಳಿದ ಮೇಲೆ ಮಗಳು ಹೇಳಿದಳು: "ಹಣ ಪಡೆದು ಮಾಲು ಕಳಿಸದವರು."

ಹಮಾಲನ ಮಾತಿಗೆ ತೂಕವಿಲ್ಲ ಎಂದು ನಲವತ್ತು ವರ್ಷದ ಹಿಂದೆ ಒಬ್ಬ ನಕ್ಕಿದ್ದ. ಅವನನ್ನಾದರೂ ಎದುರಿಗೆ ನಿಂತು ನೋಡಬಹುದಿತ್ತು.

ಅಂಚೆಯ ಉತ್ತರ ಅರ್ಜಿ ಕೊಟ್ಟ ಇಪ್ಪತ್ತಾರನೆಯ ದಿನಕ್ಕೆ ಬಂತು. ಪಾರ್ಸೆಲ್ಲು ಕಳಿಸಿದ ಒಂಬತ್ತನೆಯ ದಿನವೇ ಮುಟ್ಟಿದೆ. ಪಡೆದವರ ಸಹಿಯ ಪ್ರತಿಯೂ ಜೊತೆಗಿದೆ, ಗಿರಾಕಿಯದೇ ಹೆಸರು, ಗಿರಾಕಿಯದೇ ಮನೆ. ಆ ಮನುಷ್ಯ ಕೌದಿ ಹೊದ್ದುಕೊಂಡು, ಲಕೋಟೆಯಲ್ಲಿ ಬಂದ ರಸೀದಿಯನ್ನು ಪಕ್ಕದಲ್ಲಿಟ್ಟುಕೊಂಡು, ಮುಟ್ಟಿಲ್ಲ ಎಂದು ಬರೆದಿದ್ದ. ಬಡವರ ಮನೆಯ ರೊಟ್ಟಿಯ ಮೇಲೆ ತಲೆಯಿಟ್ಟು ನಿದ್ದೆ ಹೇಗೆ ಬರುತ್ತದೋ ನನಗೆ ತಿಳಿಯದು. ಬರುತ್ತಿರಬೇಕು. ಇಂಥವರಿಗೆ ಚೆನ್ನಾಗಿಯೇ ಬರುತ್ತದೆ.

ಅಫ್ರೀನ ಆ ಪತ್ರವನ್ನು ಕಂಪನಿಗೆ ಕಳಿಸಿದಳು. ಹಣ ಬೇಡ, ಆ ಕೆಂಪು ಸಾಲು ಅಳಿಸಿ ಎಂದು ತಾಯಿ ಬರೆಸಿದಳು. ನಾಲ್ಕು ತಾಸಿಗೆ ಉತ್ತರ ಬಂತು: ಮುಗಿದ ಪ್ರಕರಣವನ್ನು ಮತ್ತೆ ತೆರೆಯುವುದಿಲ್ಲ, ನಿಮ್ಮ ತಾಳ್ಮೆಗೆ ಧನ್ಯವಾದ. ತಾಳ್ಮೆ ಇದೆ ಎಂದು ಇವರಿಗೆ ಹೇಳಿದವರು ಯಾರು?

ಸಾಲು ಇವತ್ತಿಗೂ ಅಲ್ಲೇ ಇದೆ. ಅಫ್ರೀನ ಆ ಅಂಗಡಿಯನ್ನು ತೆರೆದು ನೋಡುವುದನ್ನು ಬಿಟ್ಟಿದ್ದಾಳೆ. ಮೈಸೂರಿನ ಟೀಚರಮ್ಮ ಅಲ್ಲಿ ಹೊಸ ಕೌದಿ ಕಾಣಿಸೀತೆಂದು ಕಾದು ನೋಡಿ, ಕೊನೆಗೆ ಹಳೆಯ ಲಕೋಟೆಯ ಹಿಂದಿದ್ದ ವಿಳಾಸಕ್ಕೆ ಪತ್ರ ಬರೆದು ಮೂರನೆಯ ಕೌದಿ ಕೇಳಿದರು. ಹಣವನ್ನು ಮೊದಲೇ ಮನಿ ಆರ್ಡರ್ ಮಾಡಿದರು. ಜಾಲತಾಣವಿಲ್ಲ, ಬೀಗದ ಚಿತ್ರವಿಲ್ಲ, ರಸೀದಿ ಕೇಳುವವರೂ ಇಲ್ಲ.

ಹೋದ ಸೋಮವಾರ ಆ ಕೌದಿ ರೋಣದ ಬಸ್ಸು ಹತ್ತಿತು. ಅದೇ ಊರಿನ ನಾನೂ ಆಕೆಯ ಜೊತೆ ಹೋಗಿದ್ದೆ. ಮಹಾಲಿಂಗಪ್ಪ ತೂಕ ಮಾಡಿ, ನಂಬರು ಅಂಟಿಸಿ, ರಸೀದಿಗೆ ಸೀಲು ಒತ್ತಿ ಕೊಟ್ಟ. ಬದರುನ್ನಿಸಾ ಮೊದಲೆಲ್ಲ ಅದನ್ನು ನೋಡದೆ ಮಡಚುತ್ತಿದ್ದವಳು. ಅವತ್ತು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಸಹಿ ಆಗಿ ಬರೂ ಕಾರ್ಡೂ ಹಚ್ರಿ."

"ಮೂರ ರೂಪಾಯಿ ರೀ ಅಕ್ಕಾರ."

"ಹಚ್ರಿ. ಮತ್ತ ಇದರ ಮ್ಯಾಲ ತಾರೀಖ ಸರಿ ಮೂಡಿಲ್ಲ. ಇನ್ನೊಮ್ಮೆ ಒತ್ರಿ."

ಮಹಾಲಿಂಗಪ್ಪ ಆಕೆಯ ಮುಖ ನೋಡಿದ. ಇಷ್ಟು ದಿನದಲ್ಲಿ ಆಕೆ ಅವನಿಗೆ ಹೀಗೆ ಹೇಳಿರಲಿಲ್ಲ. ಸೀಲನ್ನು ಮಸಿಗೆ ಅದ್ದಿ ಇನ್ನೊಮ್ಮೆ ಒತ್ತಿದ. ಆಕೆ ಎದುರಿನ ಅಂಗಡಿಯಲ್ಲಿ ಒಂದು ರೂಪಾಯಿಗೆ ಝೆರಾಕ್ಸ್ ಮಾಡಿಸಿದಳು. ನಕಲನ್ನು ಟೀಚರಮ್ಮನ ಲಕೋಟೆಗೆ ಹಾಕಿದಳು. ಅಸಲನ್ನು ಜಂಪರಿನೊಳಗಿನ ಚೀಲದಲ್ಲಿ ಇಟ್ಟುಕೊಂಡು ಗುಂಡಿ ಹಾಕಿದಳು.

ವಾಪಸು ಬಸ್ಸಿನಲ್ಲಿ ಎರಡು ಸಲ ಆ ಗುಂಡಿ ಮುಟ್ಟಿ ನೋಡಿಕೊಂಡಳು. ಊರು ಹತ್ತಿರ ಬಂದಾಗ ಕಿಟಕಿಯ ಕಡೆ ನೋಡುತ್ತಲೇ ಅಂದಳು: "ಅಪ್ಪ ಇದ್ದಿದ್ರ, ಆ ಟೀಚರ ಬಾಯಾರಿಗೆ ನಕಲು ಯಾಕ ಕಳಿಸಿದಿ ಅಂತ ಕೇಳ್ತಿದ್ದ."