ಉಜ್ಜದೆ ಉಳಿದ ಅರ್ಧ

ಬೆಳಗಿನ ಐದು ಗಂಟೆ. ದೋಹಾದ ಬಿನ್ ಒಮ್ರಾನ್‌ನ ಗಲ್ಲಿಯಲ್ಲಿ ನಮಾಜು ಮುಗಿಸಿದವರು ಚಹಾ ಅಂಗಡಿಯತ್ತ ಹೊರಟಿದ್ದಾರೆ. ಅರ್ಧ ಎತ್ತಿದ ಶಟರಿನ ಹಿಂದೆ, ಟ್ರೋಫಿ ಅಂಗಡಿಯ ಮುದ್ದುಕೃಷ್ಣ ಒಂದು ಹಳೆಯ ಕಂಚಿನ ಪದಕವನ್ನು ಅಂಗೈಯಲ್ಲಿಟ್ಟು ನೋಡುತ್ತಿದ್ದಾರೆ. ಪಕ್ಕದಲ್ಲೊಂದು ಸೀಸೆ. ಕಂಚನ್ನು ಕಪ್ಪಾಗಿಸುವ ದ್ರಾವಣ. ಮುಚ್ಚಳ ಇನ್ನೂ ತೆಗೆದಿಲ್ಲ.

ಪದಕ ವಿಲ್ಲೆಮ್ ಎಂಬ ಡಚ್ ಎಂಜಿನಿಯರರದು, ಅವರ ತಂದೆ ಗಳಿಸಿದ್ದು. ರಿಬ್ಬನ್ ಹಿಡಿಯುವ ಕೊಂಡಿ ಮುರಿದಿತ್ತು, ಬೆಸುಗೆಗೆ ಕೊಟ್ಟಿದ್ದರು. ಇವತ್ತು ಹತ್ತಕ್ಕೆ ಬಂದು ಒಯ್ಯುತ್ತಾರೆ. ಸಂಜೆಯ ವಿಮಾನಕ್ಕೆ ಕತಾರ್ ಬಿಟ್ಟೇ ಹೋಗುತ್ತಾರೆ. ಕೊಂಡಿ ಕೂತಿದೆ. ಆದರೆ ಪದಕದ ಅರ್ಧ ಮುಖ ಹೊಸ ಚೊಂಬಿನಂತೆ ಫಳಫಳ, ಇನ್ನರ್ಧ ಎಪ್ಪತ್ತು ವರ್ಷದ ಕಪ್ಪು.

"ನಮ್ಮ ಮಾವ ಮೂಲ್ಕಿಯಲ್ಲಿ ದೀಪ ರಿಪೇರಿ ಮಾಡ್ತಿದ್ರು. ರಿಪೇರಿಗೆ ಬಂದ ದೀಪವನ್ನು ಹುಣಸೆಹುಳಿ ಹಾಕಿ ಉಜ್ಜದೆ ವಾಪಸ್ ಕೊಡುದು ಮರ್ಯಾದೆ ಅಲ್ಲ. ಕೈ ಅದನ್ನೇ ಮಾಡಿತು. ನನ್ನನ್ನು ಕೇಳ್ಲಿಲ್ಲ" ಎನ್ನುತ್ತಾರೆ ಮುದ್ದುಕೃಷ್ಣ.

ನಿನ್ನೆ ಅರ್ಧಕ್ಕೆ ತಡೆದದ್ದು ಅಂಗಡಿಯ ಯಜಮಾನ, ಉಡುಪಿ ಕಡೆಯ ಲ್ಯಾನ್ಸ್‌ಲಾಟ್. "ಏ ಮುದ್ದಣ್ಣ, ಇದೇನು ನಿಮ್ಮ ಊರಿನ ಕಾಲುದೀಪವಾ? ಹಳತರ ಜೀವ ಇರುದೇ ಆ ಕಪ್ಪಿನಲ್ಲಿ, ಮಾರಾಯ್ರೆ!"

ಮುದ್ದುಕೃಷ್ಣರಿಗೆ ವಯಸ್ಸು ಐವತ್ತೊಂದು. ದೋಹಾಕ್ಕೆ ಬಂದು ಈ ೨೦೦೭ರ ನವೆಂಬರಿಗೆ ಇಪ್ಪತ್ತೆರಡು ವರ್ಷ. ಶಾಲೆಗಳ ಕ್ರೀಡಾಕೂಟದ ಕಾಲದಲ್ಲಿ ದಿನಕ್ಕೆ ಎಂಬತ್ತು ಹೆಸರು ಕೆತ್ತುತ್ತಾರೆ. ಇಂಗ್ಲಿಷ್, ಅರಬ್ಬಿ ಎರಡೂ ಅಕ್ಷರ ಕೈಗೆ ಬರುತ್ತವೆ. ಅರಬ್ಬಿ ಓದಲು ಮಾತ್ರ ಬಾರದು. ಎಡಗಣ್ಣು ಮಂಜಾಗಿದೆ. ಹೆಂಡತಿ ಲೀಲಾಕ್ಷಿ ಊರಿನಿಂದ ಫೋನಿನಲ್ಲಿ ಮೊದಲು ಕೇಳುವುದು ಅದನ್ನೇ: "ಕಣ್ಣು ಹೇಗುಂಟು?"

ಆದರೆ ಈ ಪದಕದಂಥದ್ದನ್ನು ಅವರು ಕಂಡದ್ದಿಲ್ಲ. ಹಾಲೆಂಡಿನಲ್ಲಿ ಸುಮಾರು ನೂರು ವರ್ಷಗಳಿಂದ ನಡೆದುಬಂದ ಪದ್ಧತಿಯಂತೆ. ಓಟ, ಜಿಗಿತ, ಎಸೆತ, ಈಜು ಎಂದು ಬೇರೆಬೇರೆ ಪರೀಕ್ಷೆಗಳು. ಎಲ್ಲದರಲ್ಲೂ ನಿಗದಿಯ ಗೆರೆ ಮುಟ್ಟಿದವರ ಎದೆಗೆ ಪದಕ. ವಿಲ್ಲೆಮರ ತಂದೆ ಸೈಕಲ್ ತುಳಿಯುವ ಅಂಚೆಯವ. ನಡುವಿನ ಉಬ್ಬುಚಿತ್ರ ಸವೆದು ಮನುಷ್ಯನೋ ಮರವೋ ತಿಳಿಯದು. ಉಜ್ಜಿದ ಕಡೆ ಅದೂ ಇನ್ನಷ್ಟು ತೆಳುವಾಗಿದೆ.

"ನಾನು ಕೆತ್ತುದೆಲ್ಲ ಫಸ್ಟ್, ಸೆಕೆಂಡ್, ಥರ್ಡ್. ನಾಲ್ಕನೆಯವನ ಹೆಸರು ಈ ಕೈ ಬರೆದದ್ದೇ ಇಲ್ಲ. ಇದರಲ್ಲಿ ನೋಡಿ, ನಂಬರಿಗೆ ಜಾಗವೇ ಇಲ್ಲ. ಯಾರನ್ನೂ ಸೋಲಿಸಬೇಕು ಅಂತಿಲ್ಲ. ಅಂಥದ್ದನ್ನು ಹಾಳು ಮಾಡಿದೆನಲ್ಲ."

ಒಂಬತ್ತಕ್ಕೆ ಲ್ಯಾನ್ಸ್‌ಲಾಟ್ ಬಂದವರೇ ಸೀಸೆ ನೋಡುತ್ತಾರೆ. "ಇನ್ನೂ ಹಚ್ಚಿಲ್ವಾ? ಎರಡು ಸಲ ಒರೆಸಿದ್ರೆ ಖಲಾಸ್. ಅವರಿಗೆ ಗೊತ್ತೇ ಆಗ್ಲಿಕ್ಕಿಲ್ಲ."

"ನನಗೆ ಗೊತ್ತಾಗ್ತದಲ್ಲ, ಪೊರ್ಬುಗಳೇ. ಎಪ್ಪತ್ತು ವರ್ಷದ ಕಪ್ಪು ಸೀಸೆಯಲ್ಲಿ ಸಿಗುದಿಲ್ಲ" ಎನ್ನುತ್ತಾರೆ ಮುದ್ದುಕೃಷ್ಣ, ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆಯೇ ಯಜಮಾನರನ್ನು ಕರೆದು.

ಯಜಮಾನರು ಸೀಸೆಯನ್ನು ತಾವೇ ಎತ್ತಿ ಕಪಾಟಿನಲ್ಲಿಡುತ್ತಾರೆ.

ಹತ್ತಕ್ಕೆ ಸರಿಯಾಗಿ ವಿಲ್ಲೆಮ್ ಬರುತ್ತಾರೆ. ಮುದ್ದುಕೃಷ್ಣ ಎದ್ದು ನಿಂತು, ಬಂದಷ್ಟು ಇಂಗ್ಲಿಷಿನಲ್ಲಿ ಎಲ್ಲ ಒಪ್ಪಿಸುತ್ತಾರೆ: ದೀಪ, ಹುಣಸೆಹುಳಿ, ಮಾವ, ತಮ್ಮ ಕೈ. ವಿಲ್ಲೆಮ್ ಪದಕವನ್ನು ಬಾಗಿಲಿನ ಬೆಳಕಿಗೆ ಹಿಡಿಯುತ್ತಾರೆ. ಮುಖ ಬಿಗಿಯುತ್ತದೆ. ಕಪ್ಪು ಅರ್ಧದ ಮೇಲೆ ಹೆಬ್ಬೆರಳು ಆಡಿಸಿ, ಆಮೇಲೆ ಹೊಳೆಯುವ ಕಡೆಗೆ ತರುತ್ತಾರೆ.

"ನಾನು ನೋಡಿದ್ದು ಯಾವಾಗಲೂ ಈ ಕಪ್ಪನ್ನು. ಪದಕ ಕೊಟ್ಟ ದಿನ ಅಪ್ಪ ನೋಡಿದ್ದು ಈ ಬಣ್ಣವನ್ನೇ ಇರಬೇಕು" ಎನ್ನುತ್ತಾರೆ ಕೊನೆಗೆ. ಕೊಂಡಿಯನ್ನು ಎರಡು ಸಲ ಎಳೆದು ನೋಡಿ, ಕರವಸ್ತ್ರದಲ್ಲಿ ಸುತ್ತಿ, ಕೈಕುಲುಕಿ ಹೊರಡುತ್ತಾರೆ.

ಮುದ್ದುಕೃಷ್ಣ ಮತ್ತೆ ಚಾಣ ಹಿಡಿದಿದ್ದಾರೆ. ಯಾವುದೋ ಶಾಲೆಯ ನೂರು ಮೀಟರ್ ಓಟದ ಹೆಸರುಗಳು ಕಾಯುತ್ತಿವೆ.

"ಅದು ಅವರ ದೊಡ್ಡ ಮನಸ್ಸು. ತಪ್ಪು ತಪ್ಪೇ" ಎನ್ನುತ್ತಾರೆ ತಲೆ ಎತ್ತದೆ. ಹೆಸರಿನ ಮೊದಲ ಅಕ್ಷರ ಮೂಡಿಸಿ ಸೇರಿಸುತ್ತಾರೆ, "ಕೊಂಡಿ ಮಾತ್ರ ಇನ್ನು ಬಿಡ್ಲಿಕ್ಕಿಲ್ಲ. ಅವರ ಮೊಮ್ಮಕ್ಕಳ ಕಾಲಕ್ಕೂ ಬಿಡ್ಲಿಕ್ಕಿಲ್ಲ."