ತಲೆ ಎತ್ತರಿಸಿದ ದಿಂಬು

ಬಾಳಗೊಂಡ ಕೊಟ್ಟಿಗೆಯಿಂದ ಕುಡುಗೋಲು ತಂದು, ತಾಯಿಯ ತಲೆದಿಂಬನ್ನು ಅಂಗಳದ ನಡುವೆ ಇಟ್ಟು ಸೀಳಿದ. ಅವನಿಗೆ ಬುದ್ಧಿ ಕೆಟ್ಟಿತು ಎಂದೇ ನಾನು ತಿಳಿದೆ. ಮೂಗಿಗೆ ಧೋತರದ ಸೆರಗು ಕಟ್ಟಿಕೊಂಡಿದ್ದ. ಒಳಗಿನದನ್ನು ಹಿಡಿಹಿಡಿಯಾಗಿ ಹೊರಗೆ ಎಳೆದ. ಎಳೆದವನು ಅಲ್ಲೇ ಮಣ್ಣಿನಲ್ಲಿ ಕುಳಿತುಬಿಟ್ಟ.

ಬಾಳಗೊಂಡ ನನ್ನ ಮೈದುನ, ನಮ್ಮ ಕಡೆಯ ಮಾತಿನಲ್ಲಿ ಭಾವುಜಿ; ನಾನು ಅವನಿಗೆ ವೈನಿ, ಅಂದರೆ ಅತ್ತಿಗೆ. ನಮ್ಮದು ಗಡಹಿಂಗ್ಲಜದ ಒಕ್ಕಲುತನದ ಜೈನ ಮನೆ. ಆ ಮನೆಯಲ್ಲಿ ಮುಂಬಯಿಗೆ ಹೋಗಿ ಡಾಕ್ಟರಕಿ ಕಲಿತು ಬಂದವನು ಅವನೊಬ್ಬನೇ. ಕೊಲ್ಹಾಪುರದಲ್ಲಿ ದೊಡ್ಡ ಡಾಕ್ಟರರ ಕೈಕೆಳಗೆ ಒಳ್ಳೆಯ ಜಾಗ ಸಿಕ್ಕಿತ್ತು. ಅದನ್ನು ಬಿಟ್ಟು ಇಚಲಕರಂಜಿಗೆ ಹೋಗಿ ಕೂತ. ಆಗ ಅಲ್ಲಿ ಯಂತ್ರದ ಮಗ್ಗಗಳು ಹೆಚ್ಚುತ್ತಿದ್ದವು, ಅವುಗಳ ಜೊತೆ ಏದುಸಿರು ಬಿಡುವ ಜನವೂ ಹೆಚ್ಚುತ್ತಿದ್ದರು. ಈ ದಮ್ಮು ಎಲ್ಲಿಂದ ಬರುತ್ತದೆ, ಯಾರಿಗೆ ಬರುತ್ತದೆ, ಒಬ್ಬನಿಗೆ ಬಂದದ್ದು ಪಕ್ಕದವನಿಗೆ ಏಕೆ ಬರುವುದಿಲ್ಲ ಎಂಬುದು ಅವನ ತಲೆಯೊಳಗೆ ಹೊಕ್ಕಿತ್ತು. ಮದುವೆಯ ಮಾತು ತೆಗೆದರೆ ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದ. ಆ ಮುಂದಿನ ವರ್ಷ ಬರಲೇ ಇಲ್ಲ.

ಮಗ್ಗದ ಶೆಡ್ಡುಗಳಿಗೆ ಅವನು ದರ್ಜಿಯ ಟೇಪು ಹಿಡಿದು ಹೋಗುತ್ತಿದ್ದ. ಉಸಿರು ಎಳೆದಾಗ ಎದೆ ಎಷ್ಟು ಅರಳುತ್ತದೆ, ಬಿಟ್ಟಾಗ ಎಷ್ಟು ಇಳಿಯುತ್ತದೆ ಎಂದು ಅಳೆಯುವುದು, ಉರಿಯುವ ದೀಪವನ್ನು ದೂರದಿಂದ ಊದಿಸುವುದು, ಕಫವನ್ನು ಗಾಜಿನ ಮೇಲೆ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಅಲ್ಲಿ ಹಣಮಂತ ಎಂಬ ನೇಕಾರನಿದ್ದ. ವಿಜಾಪುರದ ಕಡೆಯಿಂದ ಹೊಟ್ಟೆಪಾಡಿಗೆ ಬಂದವನು, ಬಲು ತಮಾಷೆಯ ಮನುಷ್ಯ. ಪ್ರತಿ ಸಲ ಟೇಪು ಸುತ್ತಿದಾಗಲೂ ಅವನದು ಒಂದೇ ಮಾತು. "ಸಾಹೇಬ್ರ, ಅಳತಿ ಭಾಳ ಸಲ ತಗೊಂಡ್ರಿ. ಅಂಗಿ ಯಾವಾಗ ಹೊಲದ ಕೊಡ್ತೀರಿ?" ಹೀಗಾಗಿ ಶೆಡ್ಡಿನಲ್ಲೆಲ್ಲ ದರ್ಜಿ ಡಾಕ್ಟರ ಎಂಬ ಹೆಸರು ಬಿತ್ತು. ಬಾಳಗೊಂಡ ಅದನ್ನು ಮನೆಗೆ ಬಂದು ನಗುತ್ತ ಹೇಳಿದ್ದ.

ಹತ್ತಿಯ ಧೂಳು ಎದೆ ಹಿಡಿಯುತ್ತದೆ ಎಂದು ಅವನು ಕಂಡುಕೊಂಡ. ಮುಂಬಯಿಯ ಡಾಕ್ಟರರು ಓದುವ ಪತ್ರಿಕೆಯಲ್ಲಿ ಅವನ ಬರಹ ಅಚ್ಚಾಯಿತು. ಗಾಳಿ ಆಡುವಂತೆ ಕಿಟಕಿ ತೆಗೆಯಿರಿ, ಕಸ ಗುಡಿಸುವಾಗ ನೀರು ಚಿಮುಕಿಸಿರಿ ಎಂದು ಮಗ್ಗದ ಮಾಲಕರಿಗೆ ಹೇಳಿದ. ಕೇಳಿದವರು ಕಡಿಮೆ. ದಮ್ಮಿನವರಿಗೆ ಅವನು ಹೇಳುತ್ತಿದ್ದ ಇನ್ನೊಂದು ಮಾತನ್ನು ಮಾತ್ರ ಎಲ್ಲರೂ ಕೇಳಿದರು. ಅಂಗಾತ ಮಲಗಬೇಡಿ, ದಿಂಬಿನ ಮೇಲೆ ದಿಂಬು ಇಟ್ಟು ತಲೆ ಎತ್ತರ ಮಾಡಿಕೊಂಡು ಮಲಗಿ ಎಂಬ ಮಾತು. ಅದಕ್ಕೆ ಖರ್ಚಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ.

ನಮ್ಮ ಅತ್ತೆ ಜಿನಮತಿಯವರಿಗೂ ಚಳಿಗಾಲದಲ್ಲಿ ಸ್ವಲ್ಪ ಉಬ್ಬಸವಿತ್ತು. ಒಮ್ಮೆ ಬಾಳಗೊಂಡ ಬರುವಾಗ ಅವರಿಗೆಂದು ದಪ್ಪನೆಯ ತಲೆದಿಂಬು ತಂದ. ಹಣಮಂತನ ಹೆಂಡತಿ ಚೆನ್ನವ್ವ ತನ್ನ ಗಂಡನ ದಮ್ಮಿಗೆ ಔಷಧ ಕೊಡುತ್ತಿದ್ದ ಡಾಕ್ಟರರಿಗೆ ಪ್ರೀತಿಯಿಂದ ಹೊಲಿದು ಕೊಟ್ಟದ್ದು. ಅತ್ತೆಗೆ ಅದು ದೇವರ ಪ್ರಸಾದದ ಹಾಗೆ. ದಿನಾಲು ಬಳಸಿದರೆ ಹೊಲಸಾಗುತ್ತದೆಂದು ಪೆಟ್ಟಿಗೆಯಲ್ಲಿ ಇಟ್ಟರು. ಮಗ ಬರುವ ಸುದ್ದಿ ಬಂದಾಗ ಮಾತ್ರ ತೆಗೆದು, ಝಾಡಿಸಿ, ತಮ್ಮ ಹಾಸಿಗೆಯ ಮೇಲೆ ಇಡುತ್ತಿದ್ದರು. ಮಗನ ಕಣ್ಣಿಗೆ ಬೀಳಲಿ ಎಂದು.

ಆಮೇಲೆ ಒಂದು ವಿಚಿತ್ರ ಸುರುವಾಯಿತು. ಬಾಳಗೊಂಡ ಮನೆಗೆ ಬಂದಾಗಲೆಲ್ಲ ಅತ್ತೆಗೆ ದಮ್ಮು ಏಳುತ್ತಿತ್ತು. ಮುಂಚಿನ ಹಾಗೆ ಸ್ವಲ್ಪ ಅಲ್ಲ. ತುಟಿ ನೀಲಿಯಾಗುವ ತನಕ. ಅವನು ಇಂಜೆಕ್ಷನ್ ಕೊಟ್ಟು ಉಳಿಸುತ್ತಿದ್ದ, ಅವನು ಇಚಲಕರಂಜಿಗೆ ಮರಳಿದ ಮೇಲೆ ಅವರು ಆರಾಮಾಗುತ್ತಿದ್ದರು. ಮಗ್ಗದ ಧೂಳು ತನ್ನ ಬಟ್ಟೆಗೆ ಅಂಟಿ ಬರುತ್ತದೇನೋ ಎಂದು ಅವನು ಒಂದು ಸಲ ಹಿರಣ್ಯಕೇಶಿ ಹೊಳೆಯಲ್ಲಿ ಮಿಂದು, ನಾವು ಕಳಿಸಿದ ಒಗೆದ ಧೋತರ ಉಟ್ಟು, ಆಮೇಲೆ ಹೊಸ್ತಿಲು ದಾಟಿದ. ಅಂದೂ ದಮ್ಮು ಬಂತು. ನೆರೆಮನೆಯ ಕಲ್ಲವ್ವ ಬಾವಿಕಟ್ಟೆಯಲ್ಲಿ ಎಲ್ಲರ ಮುಂದೆ ಅಂದಳು, "ಊರ ಮಂದಿ ದಮ್ಮ ಬಿಡಸಾಂವ, ಹಡದಾಕಿಗೆ ತಾನ ಗಂಟ ಬಿದ್ದಾನ ನೋಡವಾ."

ನನ್ನ ಯಜಮಾನರು ರಾವಸಾಹೇಬರು ಕಾಲ್ಗುಣ ಗೀಲ್ಗುಣ ನಂಬುವವರಲ್ಲ. ಆದರೆ ತಾಯಿ ಕಣ್ಣೆದುರು ಒದ್ದಾಡುವುದನ್ನು ಎಷ್ಟು ಸಲ ನೋಡಿಯಾರು. ತಮ್ಮನನ್ನು ಹಿತ್ತಿಲಿಗೆ ಕರೆದು, ನೆಲ ನೋಡುತ್ತ ಹೇಳಿದರು. "ತಮ್ಮಾ, ನೀ ಇನ್ನ ಬರಬ್ಯಾಡ. ಅವ್ವ ಇರೂತನಕ ಬರಬ್ಯಾಡ." ಬಾಳಗೊಂಡ ಉಂಡ ತಾಟನ್ನು ತಾನೇ ತೊಳೆದಿಟ್ಟು ಹೋದ. ಆ ಮಳೆಗಾಲ ಕಳೆದು ಚಳಿ ಬಂದರೂ ಅವನು ಬರಲಿಲ್ಲ, ಅತ್ತೆಗೆ ದಮ್ಮೂ ಬರಲಿಲ್ಲ. ಉಸಿರು ಸರಿಯಾಯಿತು, ಊಟ ಬಿಟ್ಟಿತು. ಹೊತ್ತು ಮುಳುಗುವ ಮುಂಚೆ ಉಣ್ಣುವುದು ನಮ್ಮ ರೂಢಿ. ಅವರು ಒಂದು ತುತ್ತು ಬಾಯಿಗಿಟ್ಟು, ಬಾಗಿಲ ಕಡೆ ನೋಡುತ್ತ ಹೊತ್ತು ಮುಳುಗಿಸುತ್ತಿದ್ದರು. ಕಡೆಗೆ ಒಂದು ದಿನ, ಮಗನ ಮುಖ ನೋಡದೆ ಬದುಕುವ ಉಸಿರು ನನಗೆ ಬೇಡ, ಕರೆಸಿರಿ ಎಂದು ಹಟ ಹಿಡಿದರು.

ಬಸ್ಸಿನ ಡ್ರೈವರನ ಕೈಯಲ್ಲಿ ಹೇಳಿ ಕಳಿಸಿದೆವು. ನಾಳೆ ಸಂಜೆಗೆ ಬರುತ್ತೇನೆಂದು ಅವನ ಕೈಯಲ್ಲೇ ಉತ್ತರ ಬಂತು. ಯುದ್ಧದ ಕಾಲ, ಪೆಟ್ರೋಲು ಇಲ್ಲ, ಇದ್ದಿಲು ಉರಿಸಿ ಓಡಿಸುವ ಬಸ್ಸುಗಳು. ಅವನ ಬಸ್ಸು ಸಂಕೇಶ್ವರದಲ್ಲಿ ಕೆಟ್ಟು ನಿಂತಿತು. ಅವನು ನಮ್ಮ ಮನೆ ಸೇರಿದ್ದು ಮರುದಿನ ಬೆಳಿಗ್ಗೆ, ಯಾರದೋ ಬೆಲ್ಲದ ಗಾಡಿಯಲ್ಲಿ.

ಬಂದು ನೋಡಿದರೆ ಅತ್ತೆ ಗೋಡೆಗೆ ಒರಗಿ ಶಿಳ್ಳೆಯಂಥ ಉಸಿರು ಎಳೆಯುತ್ತಿದ್ದಾರೆ. ಅವನು ಮೊದಲು ಇಂಜೆಕ್ಷನ್ ಕೊಟ್ಟ. ಉಸಿರು ಹದಕ್ಕೆ ಬಂದ ಮೇಲೆ ನನ್ನ ಕಡೆ ತಿರುಗಿದ.

"ವೈನಿ, ಯಾವಾಗ ಸುರು ಆತು?"

"ನಿನ್ನಿ ಸಂಜಿಮುಂದ ರೀ, ಭಾವುಜಿ. ನಿಮ್ಮ ಹಾದಿ ನೋಡಕೋತ ಕುಂತಿದ್ರು."

"ನಿನ್ನಿ ಸಂಜಿಮುಂದ ನಾ ಸಂಕೇಶ್ವರದಾಗ ಇದ್ನಿ." ಇಂಜೆಕ್ಷನ್ ಸೂಜಿಯನ್ನು ಡಬ್ಬಿಯಲ್ಲಿಟ್ಟ. "ನಾ ಇಲ್ದ ಬಂದದ ಅಂದ್ರ ನಾ ಅಲ್ಲ. ನನಕಿಂತ ಮೊದಲ ಈ ಮನಿಯಾಗ ಏನ ಬಂತು?"

ಏನೂ ಬಂದಿಲ್ಲ ಎಂದೆವು. ಅವನು ಬಿಡಲಿಲ್ಲ. ನಿನ್ನೆ ಎದ್ದಾಗಿನಿಂದ ಏನೇನು ಮಾಡಿದಿರಿ ಎಂದು ಒಂದೊಂದೇ ಕೇಳಿದ. ಅಡಿಗೆ, ಬಸದಿ, ಹಾಲು, ಹಾಸಿಗೆ. ಕಡೆಗೆ ಅತ್ತೆಯೇ ಸಣ್ಣ ದನಿಯಲ್ಲಿ ಹೇಳಿದರು. "ನೀ ಬರ್ತಿ ಅಂತ ನೀ ಕೊಟ್ಟ ತಲಿದಿಂಬ ತಗದು ಝಾಡಿಸಿನಪ್ಪಾ. ಪ್ರತಿ ಸಲ ತಗೀತೇನಿ."

ಆಗಲೇ ಅವನು ಕುಡುಗೋಲಿಗೆ ಎದ್ದದ್ದು.

ದಿಂಬಿನೊಳಗೆ ಇದ್ದದ್ದು ಅರಳೆಯಲ್ಲ. ಮಗ್ಗದಡಿ ಉದುರಿ ಬೀಳುವ ಹತ್ತಿಯ ಹೊಟ್ಟು. ಬೂದಿಯ ಬಣ್ಣ, ಮುಗ್ಗು ವಾಸನೆ. ನನಗೆ ಅದು ಮೆತ್ತಗಿನ ಕಸವಾಗಿ ಕಂಡಿತು, ಅಷ್ಟೇ. ಬಾಳಗೊಂಡನ ಮುಖದಲ್ಲಿ ರಕ್ತವಿರಲಿಲ್ಲ. ತಾಯಿಯ ದಮ್ಮಿನ ಮೂಲ ಸಿಕ್ಕಿತಲ್ಲ, ಇನ್ನು ನೀವು ಯಾವಾಗ ಬೇಕಾದರೂ ಬರಬಹುದಲ್ಲ ಎಂದು ನಾನು ಸಮಾಧಾನ ಹೇಳಹೋದೆ.

"ತಲಿ ಎತ್ತರ ಮಾಡಿ ಮಲಗ್ರಿ ಅಂತ ಎಲ್ಲಾ ಓಣಿಗೂ ಹೇಳೀನಿ, ವೈನಿ," ಎಂದ. "ಅವರು ದಿಂಬಕ್ಕ ಹತ್ತಿ ಎಲ್ಲಿಂದ ತಂದಿರಬೇಕು?"

ಅದು ತಿಳಿಯಲು ನನಗೆ ತುಸು ಹೊತ್ತು ಬೇಕಾಯಿತು. ತಿಳಿದ ಮೇಲೆ ಒಲೆಯ ಮೇಲಿನ ಹಾಲು ಉಕ್ಕಿ ಹೋದದ್ದೂ ಗೊತ್ತಾಗಲಿಲ್ಲ. ಹಣಮಂತ ಹಿಂದಿನ ಚಳಿಗಾಲದಲ್ಲಿ ದಮ್ಮು ಹೆಚ್ಚಾಗಿ ತೀರಿಕೊಂಡಿದ್ದ.

ಬಾಳಗೊಂಡ ಅಂದೇ ಇಚಲಕರಂಜಿಗೆ ಹೊರಟ. ಈ ಸ್ಥಿತಿಯಲ್ಲಿ ಒಬ್ಬನನ್ನೇ ಬಿಡಬೇಡಿ ಎಂದು ಅತ್ತೆ ನನ್ನನ್ನು ಜೊತೆಗೆ ಕಳಿಸಿದರು. ನನ್ನ ತವರು ಯಡ್ರಾವ, ಇಚಲಕರಂಜಿಯ ಪಕ್ಕದಲ್ಲೇ. ತವರಲ್ಲಿ ಉಳಿಯಲು ಬಟ್ಟೆಯ ಗಂಟು ಕಟ್ಟಿಕೊಂಡೆ.

ಚೆನ್ನವ್ವನ ಮನೆ ಒಂದೇ ಖೋಲಿ. ಡಾಕ್ಟರರನ್ನು ಕಂಡು ಅವಳಿಗೆ ಸಂತೋಷ. ಕೂಡಲು ಕಂಬಳಿ ಹಾಸಿ, ಒರಗಿಕೊಳ್ಳಲಿ ಎಂದು ಬೆನ್ನಿಗೆ ತಂದಿಟ್ಟದ್ದು ಹಣಮಂತನ ತಲೆದಿಂಬುಗಳನ್ನೇ. ಬಾಳಗೊಂಡ ಕೂಡಲಿಲ್ಲ. ಇವುಗಳಲ್ಲಿ ಏನು ತುಂಬಿದ್ದಿ ಎಂದು ನಿಂತೇ ಕೇಳಿದ.

"ಶೆಡ್ಡಿಂದರೀ. ಕಸಾ ಹೊಡದ ಮ್ಯಾಲ ಒಯ್ಯಾಕ ಬಿಡತಾರ. ಒಂದರಲೆ ತಲಿ ಎತ್ತರ ಆಗಲಿಲ್ಲ, ಅದಕ್ಕ ಮೂರ ಮಾಡಿದ್ನಿ. ನೀವ ಹೇಳಿದಂಗ ರೀ."

ಸುತ್ತಿ ಬಳಸಿ ಹೇಳುವುದು ಅವನಿಗೆ ಬರುತ್ತಿರಲಿಲ್ಲ. "ಚೆನ್ನವ್ವಾ, ಅದ ಅವನ ಉಸರ ಹಿಡದದ. ಹಗಲೆಲ್ಲಾ ಶೆಡ್ಡಿನಾಗ ನುಂಗಿದ್ದನ್ನ ಮನಿಯಾಗೂ ಮೂಗಿನ ಬುಡಕ ಇಟ್ಟಂಗ ಆತು. ಅದು ನಿನ್ನ ತಪ್ಪಲ್ಲ. ನೀ ತುಂಬಿದಿ, ತುಂಬಾಕ ಹೇಳಿದಾಂವ ನಾ."

ಚೆನ್ನವ್ವ ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದು ನಾನು ಕಾದೆ. ಅವಳು ದಿಂಬುಗಳನ್ನೇ ನೋಡುತ್ತ ಮಾತಾಡಿದಳು. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

"ಕಡೀಕ ಅಂವ ತಗೀ, ಇವನ್ನ ತಗೀ ಅಂತಿದ್ದ ರೀ. ಕೈಲೆ ನೂಕತಿದ್ದ. ಸಾಹೇಬ್ರು ಹೇಳ್ಯಾರ ಸುಮ್ಮನಿರು ಅಂತ ನಾನ ಒತ್ತಿ ಹಿಡದಿನಿ."

ಬಾಳಗೊಂಡ ಎರಡೂ ಕೈಯಲ್ಲಿ ತನ್ನ ಟೋಪಿ ತೆಗೆದು ಹಿಡಿದಿದ್ದ, ಅದನ್ನು ಎಲ್ಲಿ ಇಡಬೇಕೆಂದು ತಿಳಿಯದವನ ಹಾಗೆ.

ಅವನು ಟೋಪಿಯನ್ನು ಮತ್ತೆ ಹಾಕಿಕೊಂಡು, ಇನ್ನು ಉಳಿದ ಮನೆಗಳಿಗೆ ಹೋಗಿ ಹೇಳಬೇಕು ಎಂದ. ಚೆನ್ನವ್ವ ಸೆರಗಿನಿಂದ ಮೂಗು ಮುಚ್ಚಿ ಕಟ್ಟಿಕೊಂಡಳು.

"ನೀವ ಹೇಳಿದ್ರ ನಂಬೂದಿಲ್ಲ ರೀ. ನಿಮ್ಮ ಮಾತ ಕೇಳೇ ಮಾಡ್ಯಾರ. ನಾ ಹೇಳತೇನಿ, ನಡೀರಿ."

ಮುಂದೆ ಅವಳು, ಹಿಂದೆ ಅವನು. ಪಕ್ಕದ ಮನೆಯಲ್ಲಿ ಧೋಂಡಿಬಾ ಎಂಬ ಮುದುಕ ದಿಂಬುಗಳ ರಾಶಿಗೆ ಒರಗಿ ಏದುತ್ತಿದ್ದ. ಚೆನ್ನವ್ವ ತನ್ನ ಗಂಡನ ಹೆಸರು ಹೇಳಿ, ಆದದ್ದನ್ನು ಆದ ಹಾಗೆಯೇ ಹೇಳಿದಳು. ಮುದುಕ ಡಾಕ್ಟರರ ಮುಖ ನೋಡಿದ. ಬಾಳಗೊಂಡ ಮಂಡಿಯೂರಿ, ಒಂದು ಕೈಯಿಂದ ಅವನ ತಲೆ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ದಿಂಬುಗಳನ್ನು ಒಂದೊಂದಾಗಿ ಹೊರಗೆ ಎಳೆದ. ನನ್ನ ಗಂಟಿನಲ್ಲಿ ಒಗೆದ ಸೀರೆಗಳಿದ್ದವು. ಮಡಿಸಿ ಕೊಟ್ಟೆ. ಅವುಗಳ ಮೇಲೆ ಮುದುಕನ ತಲೆಯನ್ನು ಮೆಲ್ಲಗೆ ಇಳಿಸಿದ.