ಹಸಿದ ಜೀವಕೋಶ

ಹೊನ್ನಾಳಿಯ ನಮ್ಮ ಕಾಲೇಜಿನ ಜೀವಶಾಸ್ತ್ರದ ಮೇಡಂಗೆ ಮಿದುಳಿನಲ್ಲಿ ಗಡ್ಡೆಯಾಗಿತ್ತು. ಚಿಕಿತ್ಸೆಗೆಂದು ದಾವಣಗೆರೆಗೆ ಹೋಗುವಾಗ ಬಸ್ಸಿನಲ್ಲಿ ಜೊತೆಗಿರುತ್ತಿದ್ದವಳು ಅವರ ಪ್ರಯೋಗಾಲಯದ ಸಹಾಯಕಿಯಾದ ನಾನು. ಅವರು ಕಿಟಕಿಗೆ ತಲೆಯಾನಿಸಿ, ತೇಲಿಹೋಗುವ ಗದ್ದೆಗಳನ್ನು ನೋಡುತ್ತ, ಕನಸಿನಲ್ಲೆಂಬಂತೆ ಮಾತಾಡುತ್ತಿದ್ದರು.

“ಔಷಧಿ ಬಿದ್ದಾಗ ಗಡ್ಡೆಯ ಜೀವಕೋಶ ತನ್ನೊಳಗಿನ ಹಳೇದನ್ನೇ ತಿಂದು ಬದುಕಾಕೆ ನೋಡ್ತೈತೆ ಕಣ್ರೀ. ಅದನ್ನ ತಡೆಯಾಕೆ ನಂಗೆ ಮಲೇರಿಯಾ ಗುಳಿಗೇನೂ ಕೊಟ್ಟು ನೋಡ್ತಿದಾರೆ. ಆ ಜೀವಕೋಶದ ಹಟ ಎಷ್ಟು ಚೆಂದ ಐತೆ, ಅಲ್ವೇನ್ರೀ?”

“ಚೆಂದ ಏನ್ ಬಂತು ಮೇಡಂ, ನಿಮ್ಮನ್ನೇ ತಿಂತೈತಲ್ಲ!”

“ಆದ್ರೂ ಚೆಂದ ಐತೆ” ಎಂದು ನನ್ನ ಕೈ ಒತ್ತಿದರು.

ಗಡ್ಡೆ ಕರಗಲಿಲ್ಲ, ಕೆಲವು ತಿಂಗಳು ಬೆಳೆಯದೆ ಸುಮ್ಮನಿತ್ತು. ಆಗ ಅವರು ತಲೆಗೆ ಸೆರಗು ಹೊದ್ದು ಮತ್ತೆ ತರಗತಿಗೆ ಬಂದರು. ಬೋರ್ಡಿನ ತುಂಬ, ತನ್ನೊಳಗಿನದನ್ನೇ ತಿನ್ನುತ್ತಿರುವ ಒಂದೇ ಜೀವಕೋಶ ಬರೆದರು.

“ಇದು ಯಾವ ಪ್ರಾಣೀದು ಮೇಡಂ?” ಹುಡುಗಿಯೊಬ್ಬಳು ಕೇಳಿದಳು.

ಕೈಗಂಟಿದ ಸೀಮೆಸುಣ್ಣ ಒರೆಸಿಕೊಳ್ಳುತ್ತ ಅವರು, “ನಂದೇ” ಎಂದರು.